ಎರಿ ಮಣ್ಣಿನ ಹಾದಿ

ನಮ್ಮ ದೊಡ್ಡಪ್ಪನ ಮಗ ಇಥಿಯೋಪಿಯಾದಿಂದ ರಜೆಗೆ ಬಂದಿದ್ದಾಗ ಮೊಬೈಲಿನಲ್ಲಿ ಒಂದು ಫೋಟೊ ತೋರಿಸಿದ. ಬೇಸಿಗೆಯ ಕರಿಯ ನೆಲ, ಅಂಗೈ ಅಗಲದ ಬಿರುಕುಗಳು. ಆಳ ಎಷ್ಟೆಂದು ತೋರಿಸಲಿಕ್ಕೆ ಯಾರೋ ಒಂದು ಬಿರುಕಿನಲ್ಲಿ ಕೋಲು ಇಳಿಬಿಟ್ಟಿದ್ದರು. ಪಡಸಾಲೆಯಲ್ಲಿ ತೊಗರಿ ಹಸನು ಮಾಡುತ್ತಿದ್ದ ಅವ್ವ ಮೊರ ಬದಿಗಿಟ್ಟು, ಕನ್ನಡಕ ಏರಿಸಿ ನೋಡಿದಳು.

"ಇದು ನಮ್ಮ ತೆಳಗಿನ ಹೊಲ ಅಲ್ಲೇನೋ? ಬೇವಿನ ಗಿಡ ಯಾಕ ಕಾಣವಲ್ದು?"

"ಸಣ್ಣವ್ವ, ಇದು ಆಫ್ರಿಕಾ."

"ಹೋಗಲೇ. ಎರಿ ಹೊಲ ನನಗ ಗುರ್ತು ಸಿಗಂಗಿಲ್ಲೇನು?"

ನಾವೆಲ್ಲ ನಕ್ಕೆವು. ಅಣ್ಣ ಮಾತ್ರ ನಗಲಿಲ್ಲ. "ಸಣ್ಣವ್ವ ಹೇಳೋದು ಖರೇ ಅದ ತಮ್ಮಾ. ಅಲ್ಲಿ ಎಂಜಿನಿಯರ್‌ಗಳು ಈ ಮಣ್ಣಿಗೆ ಏನಂತ ಕರೀತಾರ ಗೊತ್ತದ? ಬ್ಲ್ಯಾಕ್ ಕಾಟನ್ ಸಾಯಿಲ್. ಹತ್ತಿ ಬೆಳೀಲಾರದ ಊರಾಗೂ ಅದೇ ಹೆಸರು" ಎಂದ.

ಆ ಮಾತು ನನ್ನ ತಲೆಯಲ್ಲಿ ಕೂತುಬಿಟ್ಟಿತು. ಹತ್ತಿ ಬೆಳೆಯುವ ಕರಿಮಣ್ಣು ಎಂಬುದು ದಖ್ಖನ್ನಿನ ಹೆಸರು. ಬ್ರಿಟಿಷ್ ಕಾಲದ ಎಂಜಿನಿಯರುಗಳ ಕಡತಗಳಲ್ಲಿ ಅದು ಕಡಲು ದಾಟಿತು. ಇವತ್ತಿಗೂ ಕೀನ್ಯಾ, ತಾಂಜಾನಿಯಾ, ಇಥಿಯೋಪಿಯಾಗಳ ರಸ್ತೆ ಕಾಮಗಾರಿಯ ವರದಿಗಳಲ್ಲಿ ಈ ಹೆಸರೇ ಚಾಲ್ತಿಯಲ್ಲಿದೆ. ಅಲ್ಲಿ ಅದರ ಮೇಲೆ ಬೆಳೆಯುವುದು ಟೆಫ್ ಎಂಬ ಸಣ್ಣ ಕಾಳು. ಹೆಸರು ಮಾತ್ರ ನಮ್ಮ ಕಡೆಯ ಹತ್ತಿಯದು.

ಮನುಷ್ಯರು ಬಂದದ್ದು ಇದಕ್ಕೂ ಮೊದಲು, ಎದುರು ದಿಕ್ಕಿನಲ್ಲಿ. ಬಹಮನಿ ಸುಲ್ತಾನರ ಕಾಲದಲ್ಲಿ ಇಥಿಯೋಪಿಯಾ ಕಡೆಯಿಂದ ಗುಲಾಮರಾಗಿ, ಸೈನಿಕರಾಗಿ ಬಂದ ಹಬಶಿಗಳ ನೆನಪಿಗೆ ಬೀದರಿನಲ್ಲಿ ಹಬಶಿ ಕೋಟೆ ಎಂಬ ಹೆಸರಿನ ಜಾಗವೇ ಇದೆ. ಅವರು ಬಂದ ದಿಕ್ಕಿಗೆ ಈಗ ಭೂಸನೂರಿನ ಹುಡುಗನೊಬ್ಬ ಮಣ್ಣು ಪರೀಕ್ಷೆ ಮಾಡಲಿಕ್ಕೆ ಹೋಗಿದ್ದ.

ಅಣ್ಣ ಕಲಬುರಗಿಯಲ್ಲಿ ಸಿವಿಲ್ ಡಿಪ್ಲೊಮಾ ಮುಗಿಸಿ, ಸೊಲ್ಲಾಪುರದಲ್ಲಿ ಕೆಲವು ವರ್ಷ ದುಡಿದು, ಅಲ್ಲಿಂದ ದೆಬ್ರೆ ಮಾರ್ಕೋಸ್ ಕಡೆಯ ಒಂದು ರಸ್ತೆ ಕಾಮಗಾರಿಯ ಮಣ್ಣಿನ ಲ್ಯಾಬಿಗೆ ಸೇರಿದ್ದ. ಅಡಿಸ್ ಅಬಾಬದಿಂದ ಅಲ್ಲಿಗೆ ಹೋಗಬೇಕಾದರೆ ಅಬಾಯ್ ಕಣಿವೆ ಇಳಿದು ಹತ್ತಬೇಕು. ಅಬಾಯ್ ಅಂದರೆ ನೀಲಿ ನೈಲ್. ಗೋಹಾ ತ್ಸಿಯೋನ್ ಊರಿನಿಂದ ದೆಜೆನ್ ಊರಿನವರೆಗೆ ಸುಮಾರು 40 ಕಿ.ಮೀ. ರಸ್ತೆ ಬರೀ ಇಳಿಜಾರು ಮತ್ತು ಏರು. ನಡುವೆ ಜಪಾನಿನ ನೆರವಿನಿಂದ ಕಟ್ಟಿದ ಹೊಸ ಸೇತುವೆ 2008ರಲ್ಲಿ ತೆರೆಯಿತು. ಸೇತುವೆ ಗಟ್ಟಿ ನಿಂತಿದೆ, ಎರಡೂ ಬದಿಯ ಇಳಿಜಾರಿನ ಮಣ್ಣು ಮಾತ್ರ ಜಾರುತ್ತಲೇ ಇರುತ್ತದಂತೆ. "ಸೇತುವೆ ಕಟ್ಟೋದು ಒಮ್ಮೆ ಮುಗೀತದ. ಮಣ್ಣಿನ ಕೂಡ ಜಗಳ ಮುಗಿಯಂಗಿಲ್ಲ" ಎನ್ನುತ್ತಿದ್ದ ಅಣ್ಣ.

ಇಥಿಯೋಪಿಯಾ 1997ರಲ್ಲಿ ರಸ್ತೆಗಳಿಗಾಗಿ ಒಂದು ದೊಡ್ಡ ಕಾರ್ಯಕ್ರಮ ಹಾಕಿಕೊಂಡಿತು. ಆಗ ಅಷ್ಟು ದೊಡ್ಡ ದೇಶದಲ್ಲಿ ಇದ್ದ ರಸ್ತೆ ಸುಮಾರು 26 ಸಾವಿರ ಕಿ.ಮೀ. ಮಾತ್ರ. ಎರಡು ದಶಕಗಳೊಳಗೆ ಅದು ಒಂದು ಲಕ್ಷ ಕಿ.ಮೀ. ದಾಟಿತು. 2014ರಲ್ಲಿ ಅಡಿಸ್ ಅಬಾಬ ಮತ್ತು ಅದಾಮಾ ನಡುವೆ ಮೊದಲ ಎಕ್ಸ್‌ಪ್ರೆಸ್ ಹೆದ್ದಾರಿಯೂ ಬಂತು. ಹೀಗೆ ಹರಡಿಕೊಂಡ ರಸ್ತೆಗಳಲ್ಲಿ ಎಷ್ಟೋ ನಮ್ಮಂಥದ್ದೇ ಕರಿಮಣ್ಣಿನ ಮೇಲೆ ಹಾದುಹೋಗಬೇಕಿತ್ತು. ಮಳೆಗಾಲವೂ ನಮ್ಮದೇ: ಜೂನ್‌ನಿಂದ ಸೆಪ್ಟೆಂಬರ್. ಅವರು ಅದನ್ನು ಕಿರೆಮ್ತ್ ಅನ್ನುತ್ತಾರೆ.

ಎರಿ ಮಣ್ಣಿನ ಸ್ವಭಾವ ನಮ್ಮ ಕಡೆಯ ರೈತನಿಗೆ ಹೇಳಿಕೊಡಬೇಕಾಗಿಲ್ಲ. ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಬಾಯಿ ಬಿಡುತ್ತದೆ. ಬೇಸಿಗೆಯಲ್ಲಿ ಮೇಲಿನ ಪುಡಿಮಣ್ಣು ಬಿರುಕಿನೊಳಗೆ ಬೀಳುತ್ತದೆ, ಮಳೆ ಬಂದಾಗ ಉಬ್ಬಿ ಮೇಲೆ ಬರುತ್ತದೆ, ಹೀಗೆ ತನ್ನನ್ನು ತಾನೇ ಮಗುಚಿ ಹಾಕಿಕೊಳ್ಳುತ್ತದೆ. ಮಣ್ಣಿನ ವಿಜ್ಞಾನಿಗಳು ಇದಕ್ಕೆ ವರ್ಟಿಸಾಲ್ ಎಂದು ಹೆಸರಿಟ್ಟದ್ದೂ ಲ್ಯಾಟಿನ್ನಿನ ತಿರುಗುವುದು ಎಂಬ ಅರ್ಥದ ಮಾತಿನಿಂದ. ಕುಡಿದ ನೀರನ್ನು ತಿಂಗಳುಗಟ್ಟಲೆ ಹಿಡಿದಿಡುವುದರಿಂದಲೇ ಹಿಂಗಾರಿ ಜೋಳ ಮತ್ತು ಕಡಲೆ ಬರೀ ಇಬ್ಬನಿಯಲ್ಲಿ ಬೆಳೆದಂತೆ ಬೆಳೆಯುತ್ತವೆ. ಬೆಳೆಗೆ ಅಮೃತವಾದ ಈ ಗುಣವೇ ಹಾದಿಗೆ ವಿಷ.

ಅಣ್ಣನ ಲ್ಯಾಬಿನಲ್ಲಿ ಮಾಡುತ್ತಿದ್ದ ಮುಖ್ಯ ಪರೀಕ್ಷೆ ಒಂದಿದೆ. 1920ರ ದಶಕದ ಕೊನೆಗೆ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಹುಟ್ಟಿದ್ದು, ಅದಕ್ಕೇ ಸಿ.ಬಿ.ಆರ್. ಎಂಬ ಹೆಸರಿನಲ್ಲಿ ಕ್ಯಾಲಿಫೋರ್ನಿಯಾ ಸೇರಿಕೊಂಡಿದೆ. ಮಣ್ಣನ್ನು ಕಬ್ಬಿಣದ ಅಚ್ಚಿನಲ್ಲಿ ಬಡಿದು ತುಂಬಿ, ನಾಲ್ಕು ದಿನ ನೀರಿನಲ್ಲಿ ನೆನೆಹಾಕಿ, ಆಮೇಲೆ ಅದರೊಳಗೆ ಒಂದು ದಪ್ಪ ಸಲಾಕೆ ಒತ್ತುತ್ತಾರೆ. ಗಟ್ಟಿ ಖಡಿಯ ಬಲವನ್ನು ನೂರು ಎಂದು ಹಿಡಿದರೆ, ನೆಂದ ಎರಿ ಮಣ್ಣಿಗೆ ಸಿಗುವುದು ಎರಡೋ ಮೂರೋ. ಒಣಗಿದ್ದಾಗ ಇದೇ ಮಣ್ಣು ಗುದ್ದಲಿಗೆ ಜಗ್ಗದ ಕಲ್ಲು. "ನಾಕ್ ದಿನ ಯಾಕ ನೆನಿ ಹಾಕ್ತಾರ ಅಂದ್ರ, ಬ್ಯಾಸಗಿ ಕಂಡು ಮರುಳಾಗಬಾರ್ದು ಅಂತ" ಎಂದು ಅಣ್ಣ ಹೇಳಿದ ಮಾತು ನನಗೆ ಗಾದೆಯಂತೆ ಕೇಳಿಸಿತು.

ಮದ್ದು ಇಲ್ಲವೆಂದಲ್ಲ. ಕರಿಮಣ್ಣನ್ನು ಆಳಕ್ಕೆ ತೆಗೆದು ಮುರುಮು ತುಂಬಬಹುದು. ತೆಗೆಯಲು ಆಗದಿದ್ದರೆ ಸುಣ್ಣ ಬೆರೆಸಿ ಅದರ ಉಬ್ಬುವ ಗುಣ ಕುಗ್ಗಿಸಬಹುದು. ರಸ್ತೆಯನ್ನು ಎತ್ತರಿಸಿ, ನಡುವೆ ಉಬ್ಬು ಕೊಟ್ಟು, ಎರಡೂ ಬದಿ ಗಟಾರ ತೋಡಿ, ನೀರು ನಿಲ್ಲದ ಹಾಗೆ ನೋಡಿಕೊಳ್ಳಬೇಕು. ಡಾಂಬರಿನ ಕೆಳಗೆ ಮಣ್ಣು ಹೆಚ್ಚುಕಡಿಮೆ ಒಂದೇ ಹದದಲ್ಲಿ ಇರುತ್ತದೆ. ಅಂಚಿನ ಮಣ್ಣು ಬೇಸಿಗೆಗೆ ಕುಗ್ಗುತ್ತದೆ, ಮಳೆಗೆ ಉಬ್ಬುತ್ತದೆ. ಆದ್ದರಿಂದ ಎರಿ ನೆಲದ ರಸ್ತೆ ಸಾಯಲು ಶುರುವಾಗುವುದು ಅಂಚಿನಿಂದ. ಮೊದಲು ಉದ್ದಕ್ಕೆ ಒಂದು ಗೆರೆ, ಆ ಗೆರೆಯೊಳಗೆ ನೀರು, ಆಮೇಲೆ ತೆಗ್ಗು. ರಸ್ತೆಗೆ ತೀರಾ ಹತ್ತಿರದ ದೊಡ್ಡ ಮರ ಕೂಡ ಬೇರಿನಿಂದ ನೀರು ಹೀರಿ ಅಂಚನ್ನು ಕುಸಿಸುತ್ತದೆ ಎಂದು ಅಣ್ಣ ಹೇಳಿದಾಗ ನಾನು ನಮ್ಮ ಬೇವಿನ ಗಿಡವನ್ನು ನೆನೆದೆ. ಅಲ್ಲಿ ರಸ್ತೆ ತೊಟ್ಟಿಲಿನಂತೆ ಬಾಗಿದೆ.

ಆ ರಸ್ತೆಯ ಬಗ್ಗೆ ಹೇಳಬೇಕು. ಅದು ದೊಡ್ಡ ಹಾದಿಯಲ್ಲ. ಊರಿಂದ ಹೊರಟು ನಮ್ಮ ಹೊಲದ ಪಕ್ಕ ಹಾದು ಆಚೆಯ ತಾಂಡಾಕ್ಕೆ ಮುಟ್ಟುವಷ್ಟೇ ಅದರ ಆಯುಷ್ಯ. ಆದರೆ ಅವ್ವನಿಗೆ ಅದು ತನ್ನ ರಸ್ತೆ.

1972ರ ಬರದಲ್ಲಿ ಅವ್ವ ಈ ಮನೆಗೆ ಬಂದ ಹೊಸತು. ಮಹಾರಾಷ್ಟ್ರದ ಸೊಲ್ಲಾಪುರದಿಂದ ನಮ್ಮ ಗುಲ್ಬರ್ಗ, ಬಿಜಾಪುರಗಳವರೆಗೆ ಹೊಲಗಳು ಬಿತ್ತದೆ ಬಿದ್ದಿದ್ದವು. ಸರ್ಕಾರ ಬರಗಾಲದ ಕೆಲಸ ತೆಗೆದಿತ್ತು. ಕೆಲಸ ಅಂದರೆ ಕೆರೆ, ಒಡ್ಡು ಮತ್ತು ಖಡಿ. ಗಂಡಸರು ಕಲ್ಲು ಕಿತ್ತು ತರುತ್ತಿದ್ದರು, ಹೆಂಗಸರು ಸಾಲಾಗಿ ಕೂತು ಸುತ್ತಿಗೆಯಿಂದ ಒಡೆದು ಗುಪ್ಪೆ ಹಾಕುತ್ತಿದ್ದರು. ಅಳತೆ ಬ್ರಾಸಿನ ಲೆಕ್ಕದಲ್ಲಿ. ನೂರು ಘನ ಅಡಿ ಒಂದು ಬ್ರಾಸು. ಗುಪ್ಪೆ ಸಡಿಲವಾಗಿ ಹಾಕಿದರೆ ಬೇಗ ತುಂಬುತ್ತದೆಂದು ಕೆಲವರಿಗೆ ಗೊತ್ತಿತ್ತು. ಅಳೆಯುವವನಿಗೂ ಅದು ಗೊತ್ತಿತ್ತು, ಕೋಲು ಹಾಕಿ ಕದಡುತ್ತಿದ್ದ. ಕೂಲಿಯ ಜೊತೆ ಸಿಗುತ್ತಿದ್ದ ಹೊರದೇಶದ ಕೆಂಪು ಜೋಳದ ರೊಟ್ಟಿ ಬಡಿದರೆ ಹರಿಯುತ್ತಿತ್ತು, ತಿಂದರೆ ಗಂಟಲಲ್ಲಿ ನಿಲ್ಲುತ್ತಿತ್ತು ಎಂದು ಅವ್ವ ಈಗಲೂ ಹೇಳುತ್ತಾಳೆ. ಅವಳ ಎಡಗೈ ಹೆಬ್ಬೆರಳಿನ ಉಗುರು ಅಡ್ಡ ಬೆಳೆದಿದೆ. ಅದು ಆ ವರ್ಷದ ಸುತ್ತಿಗೆಯ ಗುರುತು. ಗಡಿಯಾಚೆ ಮಹಾರಾಷ್ಟ್ರದಲ್ಲಿ ಅದೇ ಬರದ ಅನುಭವದಿಂದ ಉದ್ಯೋಗ ಖಾತ್ರಿಯ ಕಾನೂನು 1977ರಲ್ಲಿ ಬಂತು. ನಮಗೆ ಅಂಥದ್ದು ದಿಲ್ಲಿಯಿಂದ ಬರಲು 2005ರವರೆಗೆ ಕಾಯಬೇಕಾಯಿತು.

ಅದೇ 1972ರಲ್ಲಿ ಗಯಾನಾದ ಇತಿಹಾಸಕಾರ ವಾಲ್ಟರ್ ರಾಡ್ನಿ, ಯುರೋಪು ಆಫ್ರಿಕಾವನ್ನು ಹೇಗೆ ಹಿಂದುಳಿಯುವಂತೆ ಮಾಡಿತು ಎಂಬ ತನ್ನ ಪುಸ್ತಕ ಪ್ರಕಟಿಸಿದ. ಎಂ.ಎ. ಓದುವಾಗ ನಾನು ಅದನ್ನು ಓದಿದ್ದೆ. ವಸಾಹತುಗಾರರು ಕಟ್ಟಿದ ರಸ್ತೆ, ರೈಲುಗಳನ್ನು ನಕ್ಷೆಯಲ್ಲಿ ನೋಡಿದರೆ ಅವು ಗಣಿ, ತೋಟಗಳಿಂದ ಹೊರಟು ಬಂದರಿಗೆ ಮುಟ್ಟುತ್ತವೆ, ಊರಿನಿಂದ ಊರಿಗೆ ಅಲ್ಲ ಎಂಬುದು ಅವನ ಒಂದು ಮುಖ್ಯ ವಾದ. ಜಾಂಬಿಯಾದ ಕತೆ ಇದಕ್ಕೆ ಸಾಕ್ಷಿ. 1965ರಲ್ಲಿ ದಕ್ಷಿಣದ ರೊಡೇಶಿಯಾ ಬಿಳಿಯರ ಸರ್ಕಾರದ ಕೈಯಲ್ಲಿ ಸ್ವತಂತ್ರ ಘೋಷಿಸಿಕೊಂಡಾಗ, ತಾಮ್ರ ಸಾಗಿಸಲು ದಕ್ಷಿಣದ ರೈಲನ್ನೇ ನಂಬಿದ್ದ ಜಾಂಬಿಯಾಕ್ಕೆ ಉಸಿರು ಕಟ್ಟಿತು. ತಾಂಜಾನಿಯಾದ ದಾರ್ ಎಸ್ ಸಲಾಮ್ ಬಂದರಿಗೆ ಇದ್ದ ಮಣ್ಣಿನ ಹಾದಿಯಲ್ಲಿ ಲಾರಿಗಳು ಸಾಲುಗಟ್ಟಿದವು. ಮಳೆಯಲ್ಲಿ ಹೂತು, ಉರುಳಿ, ಡ್ರೈವರುಗಳು ಸತ್ತು ಆ ಹಾದಿಗೆ ನರಕದ ಓಟ ಎಂಬ ಅಡ್ಡಹೆಸರು ಬಿತ್ತು. ಆಮೇಲೆ ಡಾಂಬರು ಬಂತು, ಚೀನಾದ ನೆರವಿನಿಂದ ತಾಜಾರಾ ರೈಲೂ ಬಂತು. ಕೈರೋದಿಂದ ಕೇಪ್ ಟೌನಿಗೆ, ಲಾಗೋಸ್‌ನಿಂದ ಮೊಂಬಾಸಕ್ಕೆ ಎಂದು ಇಡೀ ಖಂಡವನ್ನು ಹೊಲಿಯುವ ಹೆದ್ದಾರಿಗಳ ಯೋಜನೆಗೆ ವಿಶ್ವಸಂಸ್ಥೆಯ ಆಫ್ರಿಕಾ ಆರ್ಥಿಕ ಆಯೋಗ 1971ರಲ್ಲೇ ಕೈಹಾಕಿತ್ತು. ಒಟ್ಟು ಒಂಬತ್ತು ಹೆದ್ದಾರಿ. ಕೆಲವು ಕಡೆ ಹೊಲಿಗೆ ಇನ್ನೂ ಬಿಟ್ಟೇ ಇದೆ.

ರಾಡ್ನಿಯನ್ನು ಓದಿದ ಮೇಲೆ ನಾನು ನಮ್ಮ ಜಿಲ್ಲೆಯ ನಕ್ಷೆಯನ್ನೂ ಹಾಗೇ ನೋಡತೊಡಗಿದೆ. 1956ರ ನವೆಂಬರ್ 1ರವರೆಗೆ ನಮ್ಮ ಕಚೇರಿ ಹೈದರಾಬಾದಿನಲ್ಲಿತ್ತು, ಆಮೇಲೆ ಬೆಂಗಳೂರಿಗೆ ಹೋಯಿತು. ನಮ್ಮ ಸಂತೆ, ದವಾಖಾನೆ ಮತ್ತು ಬೀಗತನ ಮಾತ್ರ ಸೊಲ್ಲಾಪುರ, ಅಕ್ಕಲಕೋಟೆಗಳ ಕಡೆಗೇ ಉಳಿದವು. ಆಳಂದದ ಮೇಲೆ ಹಾಯುವ ವಾಗ್ದರಿ–ರಿಬ್ಬನಪಲ್ಲಿ ರಾಜ್ಯ ಹೆದ್ದಾರಿ ಒಂದು ಗಡಿಯಿಂದ ಇನ್ನೊಂದು ಗಡಿಗೆ ಓಡುತ್ತದೆ. ಅಫಜಲಪುರ ತಾಲ್ಲೂಕಿಗೆ ಕೊಟ್ಟ ನನ್ನ ತಂಗಿಯ ಊರ ಸೀಮೆಯ ಹತ್ತಿರ ಸೂರತ್–ಚೆನ್ನೈ ಹೆದ್ದಾರಿಯ ಗುರುತಿನ ಕಲ್ಲುಗಳು ಬಿದ್ದಿವೆ. ಅಫಜಲಪುರ, ಜೇವರ್ಗಿಗಳ ಎರಿ ಹೊಲಗಳನ್ನು ಸೀಳಿ ಹೋಗುವ ಆ ರಸ್ತೆಗೆ ಹಳ್ಳಿಯ ಬಂಡಿ ಏರುವ ಹಾಗಿಲ್ಲ. ನಾನು ಇದನ್ನೆಲ್ಲ ತರಗತಿಯಲ್ಲಿ ಹೇಳುತ್ತಿದ್ದೆ. ರಸ್ತೆ ಯಾರಿಗಾಗಿ ಎಂಬ ಪ್ರಶ್ನೆಯನ್ನು ಹುಡುಗರ ಮುಂದಿಟ್ಟು ಜಾಣನಂತೆ ನಿಲ್ಲುತ್ತಿದ್ದೆ.

ಅಣ್ಣ ರಜೆಗೆ ಬಂದದ್ದು ಶ್ರಾವಣದ ಮುಂಚೆ. ಜೋರು ಮಳೆ ಎರಡು ಆಗಿತ್ತು. ತಾಂಡಾಕ್ಕೆ ಹೋಗುವ ಬಸ್ಸು ನಿಂತು ಎಂಟು ದಿನವಾಗಿತ್ತು. ಬೇವಿನ ಗಿಡದ ಹತ್ತಿರ ರಸ್ತೆ ಕುಸಿದು, ಬಸ್ಸಿನ ಹಿಂದಿನ ಗಾಲಿ ಹೂತು, ಟ್ರ್ಯಾಕ್ಟರ್ ಕಟ್ಟಿ ಎಳೆದಿದ್ದರು. ಅಂದಿನಿಂದ ತಾಂಡಾದ ಹೈಸ್ಕೂಲು ಹುಡುಗಿಯರು ಚಪ್ಪಲಿ ಕೈಯಲ್ಲಿ ಹಿಡಿದು ನಡೆದು ಬರುತ್ತಿದ್ದರು. ಆಮೇಲಾಮೇಲೆ ಮೂವರಲ್ಲಿ ಒಬ್ಬಳು ಬರುವುದನ್ನು ಬಿಟ್ಟಳು. ಮಳೆಗಾಲ ಮುಗಿದ ಮೇಲೆ ಕಳಿಸುತ್ತೇವೆ ಎಂದರಂತೆ ಮನೆಯವರು. ಹೀಗೆ ಬಿಟ್ಟವರು ಮಳೆಗಾಲ ಮುಗಿದ ಮೇಲೆ ಬಂದದ್ದು ಕಡಿಮೆ.

ನಾನು ಅಣ್ಣನನ್ನು ಅಲ್ಲಿಗೆ ಕರೆದೊಯ್ದೆ. ಗುತ್ತಿಗೆದಾರನನ್ನು ಬೈಯಲು ನನಗೆ ಬಲವಾದ ಸಾಕ್ಷಿ ಬೇಕಿತ್ತು. ಮುರುಮು ಎಷ್ಟು ಹಾಕಿದ್ದಾರೆ, ಖಡಿ ಎಷ್ಟು ಹಾಕಿದ್ದಾರೆ ಎಂದು ಆಫ್ರಿಕಾ ಕಂಡುಬಂದವನು ಹೇಳಿದರೆ ಅರ್ಜಿಗೆ ತೂಕ ಬರುತ್ತದೆ ಎಂದುಕೊಂಡಿದ್ದೆ.

ಅವನು ಕುಸಿದ ಅಂಚಿನಲ್ಲಿ ಕುಕ್ಕರಗಾಲಲ್ಲಿ ಕೂತ. ಮಣ್ಣು ಬೆರಳಿನಲ್ಲಿ ಹೊಸೆದ. ಮುರುಮಿನ ಪದರ ಎಣಿಸಿದ. ಆಮೇಲೆ ಎದ್ದು ಆಚೀಚೆ ನೋಡಿ ಕೇಳಿದ.

"ಮುರುಮು ತಕ್ಕಮಟ್ಟಿಗೆ ಹಾಕ್ಯಾರ. ಗಟಾರ ಎಲ್ಲದ?"

"ಇಲ್ಲೇ ಇತ್ತು."

"ಇಲ್ಲೇ ಅಂದ್ರ?"

ನನ್ನ ತಮ್ಮ, ಹೊಲ ನೋಡಿಕೊಳ್ಳುವವನು, ಏನೂ ಮಾತಾಡದೆ ಕಬ್ಬಿನ ಮೊದಲ ಸಾಲಿನ ಕಡೆ ನೋಡಿದ. ಗಟಾರ ಅಲ್ಲೇ, ಕಬ್ಬಿನ ಕೆಳಗಿತ್ತು.

ಅದನ್ನು ಒಂದೇ ದಿನ ಯಾರೂ ನುಂಗಿರಲಿಲ್ಲ. ವರ್ಷಕ್ಕೊಂದು ಸಾಲು. ಅಪ್ಪ ಇದ್ದಾಗಿನಿಂದ ನಡೆದು ಬಂದದ್ದು. ನೇಗಿಲು ತಿರುಗಿಸುವಾಗ ಒಂದು ಗೇಣು ಆಚೆ, ಟ್ರ್ಯಾಕ್ಟರ್ ಬಂದ ಮೇಲೆ ಎರಡು ಗೇಣು. ಬದು ರಸ್ತೆಯ ಕಡೆ ಜರುಗಿತು, ಗಟಾರ ಮುಚ್ಚಿತು, ಹೊಲದ ನೀರು ರಸ್ತೆಯ ಕಾಲಬುಡದಲ್ಲಿ ನಿಂತಿತು. ನಾಲ್ಕು ದಿನ ನೆನೆಹಾಕುವ ಅಣ್ಣನ ಪರೀಕ್ಷೆಯನ್ನು ನಾವು ನಾಲ್ಕು ತಿಂಗಳು ಮಾಡುತ್ತಿದ್ದೆವು. ಆ ನೆಂದ ಮಣ್ಣಿನ ಮೇಲೆ ಚಳಿಗಾಲದಲ್ಲಿ ನಮ್ಮದೇ ಕಬ್ಬು ಎರಡೆರಡು ಟ್ರೇಲರಿನಲ್ಲಿ ಏರಿಸಿಕೊಂಡು ಕಾರ್ಖಾನೆಗೆ ಹೋಗುತ್ತಿತ್ತು. ಅಮೆರಿಕದ ಇಲಿನಾಯ್‌ನಲ್ಲಿ 1958ರಿಂದ 1960ರವರೆಗೆ ಲಾರಿಗಳನ್ನು ಓಡಿಸಿಯೇ ಓಡಿಸಿ ಎಂಜಿನಿಯರುಗಳು ಕಂಡುಕೊಂಡ ಒಂದು ಲೆಕ್ಕವಿದೆ. ಗಾಲಿಯ ಅಚ್ಚಿನ ಮೇಲಿನ ಭಾರ ಎರಡರಷ್ಟಾದರೆ ರಸ್ತೆಗೆ ಆಗುವ ಪೆಟ್ಟು ಎರಡರಷ್ಟಲ್ಲ, ಸುಮಾರು ಹದಿನಾರರಷ್ಟು. ಒಂದು ಖೇಪಿನ ಬಾಡಿಗೆ ಉಳಿಸಲು ಹೆಚ್ಚಿಗೆ ಹೇರಿಸಿದವರೂ ನಾವೇ.

ರಸ್ತೆ ಯಾರಿಗಾಗಿ ಎಂದು ಕೇಳುತ್ತಿದ್ದ ಮೇಷ್ಟ್ರಿಗೆ ಅವತ್ತು ಮನೆಗೆ ಬರುವಾಗ ಮಾತು ಹೊರಡಲಿಲ್ಲ.

ರಾತ್ರಿ ಊಟಕ್ಕೆ ಕೂತಾಗ ಅವ್ವ ಅಣ್ಣನನ್ನು ಕೇಳಿದಳು: "ಆ ದೇಶದಾಗ ಹೆಣ್ಮಕ್ಕಳು ಖಡಿ ಒಡೀತಾರೇನಪಾ?"

"ಒಡೀತಾರ ಸಣ್ಣವ್ವ. ಮಣ್ಣ ಹೊರ್ತಾರ, ಗಟಾರ ತೋಡ್ತಾರ."

ಆಮೇಲೆ ಅವನು ಕೀನ್ಯಾದ ಸುದ್ದಿ ಹೇಳಿದ. 1974ರಲ್ಲಿ ಅಲ್ಲಿ ಹಳ್ಳಿಯ ರಸ್ತೆಗಳ ಒಂದು ಕಾರ್ಯಕ್ರಮ ಶುರುವಾಯಿತು. ದೊಡ್ಡ ಯಂತ್ರ ತರದೆ, ಆಯಾ ಊರಿನ ಜನರ ಕೈಗೆ ಗುದ್ದಲಿ ಕೊಟ್ಟು, ಕೂಲಿ ಕೊಟ್ಟು ರಸ್ತೆ ಕಟ್ಟಿಸಿದರು. ಕಟ್ಟಿದ ಮೇಲೆ ಪ್ರತಿ ಒಂದೆರಡು ಕಿಲೊಮೀಟರಿಗೆ ಅದೇ ಊರಿನ ಒಬ್ಬರನ್ನು ನೇಮಿಸಿದರು. ಗಟಾರದ ಹೂಳು ತೆಗೆಯುವುದು, ಹುಲ್ಲು ಕೊಯ್ಯುವುದು, ತೆಗ್ಗು ಬಿದ್ದಲ್ಲಿ ಒಂದು ಬುಟ್ಟಿ ಮಣ್ಣು ಹಾಕುವುದು ಅವರ ಕೆಲಸ. ಅವ್ವ ತಲೆಯಾಡಿಸಿದಳು. "ನಮ್ಮಲ್ಲೂ ಇದ್ದರಲ್ಲ, ಗ್ಯಾಂಗಿನವರು." ನನಗೂ ನೆನಪಿತ್ತು. ಸಣ್ಣವರಿದ್ದಾಗ ಡಾಂಬರು ರಸ್ತೆಯ ಬದಿಗೆ ಸಲಿಕೆ, ಬುಟ್ಟಿ ಹಿಡಿದು ನಾಲ್ಕೈದು ಜನ ಗಿಡದ ನೆರಳಿಗೆ ಬುತ್ತಿ ಬಿಚ್ಚುತ್ತಿದ್ದರು. ಅವರನ್ನು ಕೆಲಸಗಳ್ಳರೆಂದು ನಾವು ನಗುತ್ತಿದ್ದೆವು. ಅವರು ಕಾಣೆಯಾದ ಮೇಲೆಯೇ ಅವರು ಏನು ಮಾಡುತ್ತಿದ್ದರೆಂದು ರಸ್ತೆ ಹೇಳಿತು. ಪ್ರಧಾನಮಂತ್ರಿ ಗ್ರಾಮ ಸಡಕ್ ಯೋಜನೆ 2000ದ ಡಿಸೆಂಬರಿನಲ್ಲಿ ಬಂದಾಗ ಗುತ್ತಿಗೆದಾರನೇ ಐದು ವರ್ಷ ನಿರ್ವಹಣೆ ಮಾಡಬೇಕೆಂದು ಕರಾರಿನಲ್ಲಿ ಬರೆದರು. ಅಂಥ ರಸ್ತೆಗೂ ಆರನೆಯ ವರ್ಷ ಬಂದೇ ಬರುತ್ತದೆ.

ಅವ್ವ ಕೈ ತೊಳೆದು ಬಂದು ನನ್ನ ತಮ್ಮನ ಮುಂದೆ ಕೂತಳು.

"ಎಷ್ಟು ಸಾಲು ಆಚಿ ಹೋಗ್ಯಾವ?"

"ಏಳೋ ಎಂಟೋ. ಅಪ್ಪನ ಕಾಲದವೂ ಅವ ಅದರಾಗ."

"ಖಡಿ ಒಡದದ್ದು ನಾ. ಹಾದಿ ತಿಂದದ್ದು ನೀವು" ಎಂದಳು. ದನಿ ಏರಿಸಲಿಲ್ಲ. "ನಿಮ್ಮಪ್ಪನೂ ತಿಂದ. ನನಗೂ ಗೊತ್ತಿತ್ತು. ಹೊಲ ಬೆಳೀಲತ್ತದ ಅಂತ ಸುಮ್ಮಕಿದ್ದೆ."

ತಮ್ಮ ಸುಲಭಕ್ಕೆ ಒಪ್ಪಲಿಲ್ಲ. ಅವನ ಮಾತಿನಲ್ಲೂ ಹುರುಳಿತ್ತು. ನಾವೊಬ್ಬರೇ ಬಿಟ್ಟರೆ ಏನಾಗುತ್ತದೆ, ಕೆಳಗಿನ ಹೊಲದವರೂ ಬಿಡಬೇಕಲ್ಲ, ನೀರು ಹೋಗಿ ನಿಲ್ಲುವುದು ಅವರ ಬದುವಿಗೇ ಅಲ್ಲವೇ ಎಂದ. ನೌಕರಿ ಮಾಡಿಕೊಂಡು ಕಲಬುರಗಿಯಲ್ಲಿ ಇರುವ ನನಗೆ ಎಂಟು ಸಾಲು ಕಬ್ಬಿನ ಬೆಲೆ ಗೊತ್ತಿಲ್ಲ ಎಂದೂ ಅಂದ. ಅದೂ ನಿಜ. ನಾನು ಮಾಡಿದ ನಷ್ಟದ ಲೆಕ್ಕ ಬಾಯಲ್ಲಿ, ಅವನು ಮಾಡಿದ್ದು ಹೊಟ್ಟೆಯಲ್ಲಿ. ಕಡೆಗೆ ಕಬ್ಬು ಕಡಿದ ಮೇಲೆ ಕೂಳೆ ಬಿಡದೆ ಅಷ್ಟು ಸಾಲು ತೆಗೆಯುವುದು ಎಂದು ತೀರ್ಮಾನವಾಯಿತು. ಎಂಟಲ್ಲ, ಐದು. ಅವ್ವ ಅದಕ್ಕೆ ಒಪ್ಪಿದಳು. ಗಟಾರಕ್ಕೆ ಐದು ಸಾಲು ಸಾಕು ಎಂದು ಅಣ್ಣನೂ ಹೇಳಿದ.

ಮಾರ್ಚಿನಲ್ಲಿ ಜೆ.ಸಿ.ಬಿ. ತರಿಸಿ ಗಟಾರ ತೆಗೆದೆವು. ಬಾಡಿಗೆಯ ಅರ್ಧ ನಾನು ಕೊಟ್ಟೆ. ಅಣ್ಣ ಅಷ್ಟರಲ್ಲಿ ತಿರುಗಿ ಹೋಗಿದ್ದ. ವಿಡಿಯೊ ಕಾಲ್‌ನಲ್ಲಿ ಇಳಿಜಾರು ತೋರಿಸಿದರೆ, ಇನ್ನೊಂದು ಗೇಣು ಆಳ ಮಾಡ್ರಿ, ತೆಗೆದ ಮಣ್ಣು ರಸ್ತೆಯ ಅಂಚಿಗೆ ಹಾಕಬ್ಯಾಡ್ರಿ, ಹೊಲಕ್ಕೇ ಚೆಲ್ರಿ ಎಂದ. ಅಂಚಿಗೆ ಮುರುಮೇ ಬೇಕು, ಎರಿ ಅಲ್ಲ. ಬೇವಿನ ಗಿಡ ಕಡಿಯುವ ಮಾತು ಬಂದಾಗ ಅವ್ವ ಕೇಳಿಸದವಳಂತೆ ಎದ್ದು ಹೋದಳು. ಗಿಡ ಉಳಿಯಿತು. ಅದರ ಮುಂದಿನ ತೊಟ್ಟಿಲೂ ಉಳಿದಿದೆ.

ಈ ಸಲದ ಮಿರಗದ ಮಳೆ ಜೋರಾಗಿ ಹಿಡಿದ ದಿನ ನಾನು ಊರಲ್ಲಿದ್ದೆ. ಕೊಡೆ ಹಿಡಿದು ಅವ್ವನನ್ನು ಕರೆದುಕೊಂಡು ಹೋದೆ. ಗಟಾರದಲ್ಲಿ ಕೆಂಪು ಮಿಶ್ರಿತ ಕರಿ ನೀರು ಸದ್ದು ಮಾಡುತ್ತ ಓಡುತ್ತಿತ್ತು. ರಸ್ತೆಯ ಅಂಚು ಒದ್ದೆಯಾಗಿತ್ತೇ ಹೊರತು ಜಗ್ಗಿರಲಿಲ್ಲ. ನಾವು ನೀರಿನ ಜೊತೆ ನಡೆದೆವು. ನಮ್ಮ ಹೊಲ ಮುಗಿಯುವಲ್ಲಿ, ಕೆಳಗಿನವರ ಬದುವಿಗೆ ಹಾಯ್ದು ನೀರು ನಿಂತಿತು. ಸುಳಿ ತಿರುಗಿ, ನಿಧಾನಕ್ಕೆ ರಸ್ತೆಯ ಕಡೆ ಹರಡತೊಡಗಿತು. ಅಲ್ಲಿ ಡಾಂಬರಿನ ಅಂಚಿನಲ್ಲಿ ಹೊಸದೊಂದು ಉದ್ದ ಗೆರೆ ಮೂಡಿತ್ತು.

ಆ ಹೊಲದ ಯಜಮಾನ ನಮ್ಮ ಹಾಗೆಯೇ ಮಳೆ ನೋಡಲು ಬಂದು ಗೋಣಿಚೀಲ ಹೊದ್ದು ಬದುವಿನ ಮೇಲೆ ನಿಂತಿದ್ದ. ಅವ್ವ ಅವನ ಹೆಸರು ಹಿಡಿದು ಕೂಗಿದಳು.

"ಮಳಿ ನಿಂತ ಮ್ಯಾಲ ಮನಿ ಕಡಿ ಬಾರಪಾ. ಚಾ ಕುಡದು ಹೋಗೀಯಂತ. ಮಾತಾಡೋದದ."

ಅವನು ನೀರನ್ನು ನೋಡಿದ, ನಮ್ಮ ಗಟಾರವನ್ನು ನೋಡಿದ, ಬರುತ್ತೀನೆಂದು ಕೈಯೆತ್ತಿದ. ತಾಂಡಾದ ಕಡೆಯಿಂದ ಇಬ್ಬರು ಹುಡುಗಿಯರು ಒಂದೇ ಕೊಡೆಯಲ್ಲಿ ಬರುತ್ತಿದ್ದರು. ನಮ್ಮ ಹೊಲದವರೆಗೆ ಬಂದಾಗ ಕೈಯಲ್ಲಿ ಹಿಡಿದಿದ್ದ ಚಪ್ಪಲಿಯನ್ನು ರಸ್ತೆಯ ಮೇಲಿಟ್ಟು ಕಾಲಿಗೆ ಹಾಕಿಕೊಂಡರು.